ಜೀನುಗಳು ಬಾಯಿ ಮುಚ್ಚಿದ ಮೇಲೆ

ಇಲಿಯ ವೃಷಣದಲ್ಲಿ, ಇನ್ನೂ ದುಂಡಗಿರುವ ಎಳೆಯ ವೀರ್ಯಕೋಶವೊಂದು ಪ್ರೋಟಮಿನ್ ಎಂಬ ಪ್ರೋಟೀನನ್ನು ತಯಾರಿಸಲು ಬೇಕಾದ ಸಂದೇಶವನ್ನು ಡಿಎನ್‌ಎಯಿಂದ ನಕಲು ಮಾಡಿಕೊಳ್ಳುತ್ತದೆ. ಈ ನಕಲಿಗೆ ಎಂಆರ್‌ಎನ್‌ಎ ಎಂದು ಹೆಸರು. ಮೈಯ ಬೇರೆ ಜೀವಕೋಶಗಳಲ್ಲಾದರೆ ಇಂಥ ಸಂದೇಶ ಕೋಶಕೇಂದ್ರದಿಂದ ಹೊರಬಿದ್ದ ಸ್ವಲ್ಪ ಹೊತ್ತಿಗೆಲ್ಲ ರೈಬೋಸೋಮುಗಳು ಮುತ್ತಿಕೊಂಡು ಅದನ್ನು ಓದಿ ಪ್ರೋಟೀನು ಕಟ್ಟತೊಡಗುತ್ತವೆ. ಇಲ್ಲಿ ಹಾಗಾಗುವುದಿಲ್ಲ. ಬರೆದಿಟ್ಟ ಸಂದೇಶವನ್ನು ಸುಮಾರು ಒಂದು ವಾರ ಯಾರೂ ಮುಟ್ಟುವುದಿಲ್ಲ. ಆಮೇಲೆ, ಕೋಶ ಉದ್ದುದ್ದಕ್ಕೆ ಬೆಳೆದು ತಲೆ-ಬಾಲಗಳ ಆಕಾರಕ್ಕೆ ಬರುತ್ತಿರುವಾಗ, ಓದು ಶುರುವಾಗುತ್ತದೆ.

ಆ ಒಂದು ವಾರ ಕಾಯದಿದ್ದರೆ ಏನಾಗುತ್ತಿತ್ತು? ಅಮೆರಿಕದ ಸಿಯಾಟಲ್‌ನಲ್ಲಿ ರಾಬರ್ಟ್ ಬ್ರೌನ್ ಅವರ ತಂಡ ಇದನ್ನು 1995ರಲ್ಲಿ ಪರೀಕ್ಷಿಸಿತು. ಪ್ರೋಟಮಿನ್ ಜೀನಿನಲ್ಲಿ ಪ್ರೋಟೀನಿನ ವಿವರ ಇರುವ ಭಾಗವನ್ನು ಅವರು ಮುಟ್ಟಲಿಲ್ಲ. ಸಂದೇಶದ ಕೊನೆಯಲ್ಲಿ ಪ್ರೋಟೀನಾಗಿ ಮಾರ್ಪಡದ ಒಂದು ಬಾಲಂಗೋಚಿ ಇರುತ್ತದಲ್ಲ, ಅದನ್ನಷ್ಟೇ ಕತ್ತರಿಸಿ ಆ ಜಾಗಕ್ಕೆ ಮನುಷ್ಯರ ಬೆಳವಣಿಗೆ ಹಾರ್ಮೋನಿನ ಜೀನಿನ ಬಾಲ ಜೋಡಿಸಿದರು. ತಯಾರಾಗುವ ಪ್ರೋಟೀನಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಆದರೂ ಪ್ರೋಟಮಿನ್ ಅವಧಿಗೆ ಮುಂಚೆಯೇ ಹುಟ್ಟಿಕೊಂಡಿತು, ಡಿಎನ್‌ಎ ಅಕಾಲದಲ್ಲಿ ಮುದುಡಿಕೊಂಡಿತು, ವೀರ್ಯಾಣುವಿನ ತಲೆ ಸೊಟ್ಟಗಾಯಿತು, ಬೆಳವಣಿಗೆ ನಡುದಾರಿಯಲ್ಲೇ ನಿಂತಿತು. ಬಹುಪಾಲು ಇಲಿಗಳು ಬಂಜೆಯಾದವು.

ವೀರ್ಯಾಣುವಿನ ಬೆಳವಣಿಗೆಯಲ್ಲಿ ಆರ್‌ಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನುಗಳ ಪಾತ್ರವನ್ನು ಕುರಿತ ಚರ್ಚೆಗೆಲ್ಲ ಈ ಪ್ರಯೋಗವೇ ಒಳ್ಳೆಯ ಪ್ರವೇಶ. ಜೀನು ಸರಿಯಿದೆ, ಸಂದೇಶ ಸರಿಯಿದೆ, ಪ್ರೋಟೀನೂ ಸರಿಯಿದೆ. ಹೊತ್ತು ಮಾತ್ರ ತಪ್ಪಿದೆ. ಗಂಡಸಿನ ಬಂಜೆತನದ ಕಾರಣ ಹುಡುಕುವಾಗ ಡಿಎನ್‌ಎ ಅಕ್ಷರಗಳಲ್ಲಿ ಏನು ಕೆಟ್ಟಿದೆ ಎಂದು ನೋಡುವುದು ನಮಗೆ ರೂಢಿಯಾಗಿದೆ. ಈ ಕೋಶಗಳ ಮಟ್ಟಿಗೆ, ಬರೆದದ್ದು ಏನು ಎಂಬುದಕ್ಕಿಂತ ಓದುವುದು ಯಾವಾಗ ಎಂಬ ಪ್ರಶ್ನೆ ದೊಡ್ಡದು ಎಂದೇ ಈ ಲೇಖಕನ ಎಣಿಕೆ.

ಹೊತ್ತಿಗೆ ಇಷ್ಟು ಬೆಲೆ ಬಂದದ್ದಕ್ಕೆ ಕಾರಣ ವೀರ್ಯಾಣುವಿನ ವಿಚಿತ್ರ ಕಟ್ಟಡ. ಮೈಯ ಉಳಿದ ಕೋಶಗಳಲ್ಲಿ ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಬೇಕೆಂದಾಗ ಸಡಿಲಿಸಿ ಓದಬಹುದು. ವೀರ್ಯಾಣುವಿನಲ್ಲಿ ಈ ಹಿಸ್ಟೋನುಗಳನ್ನು ಬಹುತೇಕ ಕಿತ್ತೊಗೆದು ಅವುಗಳ ಜಾಗದಲ್ಲಿ ಪ್ರೋಟಮಿನ್ ತುಂಬಲಾಗುತ್ತದೆ. ಮನುಷ್ಯನಲ್ಲಿ ನೂರಕ್ಕೆ 85ರಿಂದ 95ರಷ್ಟು, ಇಲಿಯಲ್ಲಿ ಅದಕ್ಕೂ ಹೆಚ್ಚು. ಈ ಪ್ರೋಟಮಿನ್ ಹೊಸ ಕಾಲದ ಶೋಧವೇನಲ್ಲ. ಡಿಎನ್‌ಎಯನ್ನು ಮೊದಲು ಬೇರ್ಪಡಿಸಿದ ಸ್ವಿಟ್ಜರ್ಲೆಂಡಿನ ಫ್ರೀಡ್ರಿಶ್ ಮೀಷರ್ ಬಾಸೆಲ್ ಊರಿನಲ್ಲಿ ರೈನ್ ನದಿಯ ಸಾಲ್ಮನ್ ಮೀನುಗಳ ವೀರ್ಯದಿಂದ 1874ರಲ್ಲೇ ಇದನ್ನೂ ತೆಗೆದು ಹೆಸರಿಟ್ಟಿದ್ದರು. ಪ್ರೋಟಮಿನ್ ಕಟ್ಟಿದ ಗಂಟು ಎಷ್ಟು ಬಿಗಿ ಎಂದರೆ ನಕಲು ತೆಗೆಯುವ ಕಿಣ್ವಕ್ಕೆ ಒಳಗೆ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿಗೆ ಜೀನುಗಳ ಬಾಯಿ ಮುಚ್ಚಿತು. ಆದರೆ ಕೆಲಸ ಮುಗಿದಿರುವುದಿಲ್ಲ: ಬಾಲ ಪೂರ್ತಿಯಾಗಬೇಕು, ಅದರ ಬುಡಕ್ಕೆ ಮೈಟೊಕಾಂಡ್ರಿಯ ಸುತ್ತಬೇಕು, ಅಂಡವನ್ನು ಭೇದಿಸುವ ಟೊಪ್ಪಿಗೆ ಸರಿಯಾಗಿ ಕೂರಬೇಕು. ಇದಕ್ಕೆಲ್ಲ ಬೇಕಾದ ಪ್ರೋಟೀನುಗಳ ಸಂದೇಶವನ್ನು ಬಾಯಿ ಮುಚ್ಚುವ ಮುಂಚೆಯೇ ನಕಲು ಮಾಡಿ ತೆಗೆದಿಡಬೇಕು. ಮುಂಗಾರಿನ ಬಿತ್ತನೆ ಕಾಳನ್ನು ಹಗೇವಿಗೆ ತುಂಬಿ ಬಾಯಿಗೆ ಮಣ್ಣು ಮೆತ್ತುವ ರೈತನ ಲೆಕ್ಕಾಚಾರವೇ ಇಲ್ಲಿಯದೂ: ಕೊಳೆಯಬಾರದು, ಮೊದಲೇ ಮೊಳೆಯಲೂಬಾರದು.

ಕಾಳು ಕಾಯುವವರು ಯಾರು? ಮನುಷ್ಯನ ಜೀನೋಮಿನಲ್ಲಿ ಆರ್‌ಎನ್‌ಎಗೆ ಅಂಟುವ ಪ್ರೋಟೀನುಗಳನ್ನು ಲೆಕ್ಕ ಹಾಕಿದ 2014ರ ಒಂದು ಸಮೀಕ್ಷೆ 1542 ಹೆಸರುಗಳನ್ನು ಪಟ್ಟಿ ಮಾಡಿತು. ಇವುಗಳಲ್ಲಿ ಬಹುಪಾಲು ಎಲ್ಲ ಕೋಶಗಳಲ್ಲೂ ದುಡಿಯುವಂಥವು. ಆದರೆ ಕೆಲವು ವೃಷಣ ಬಿಟ್ಟರೆ ಬೇರೆಲ್ಲೂ ಕಾಣಸಿಗುವುದಿಲ್ಲ, ಅಥವಾ ಅಂಡಾಶಯ ಮತ್ತು ವೃಷಣ ಎರಡರಲ್ಲಷ್ಟೇ ಇರುತ್ತವೆ. ಪ್ರೋಟಮಿನ್ ಸಂದೇಶದ ಮುಖ್ಯ ಕಾವಲುಗಾರ ಎಂಎಸ್‌ವೈ2 ಅಂಥದ್ದು. ಪೆನ್ಸಿಲ್ವೇನಿಯದ ನಾರ್ಮನ್ ಹೆಕ್ಟ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದಂತೆ, ಕೆಲವು ನಿರ್ದಿಷ್ಟ ಜೀನುಗಳಿಂದ ನಕಲಾಗುತ್ತಿರುವ ಸಂದೇಶಗಳನ್ನು ಅದು ಕೋಶಕೇಂದ್ರದಲ್ಲೇ ಹಿಡಿದು ಗುರುತು ಹಾಕುತ್ತದೆ. ಅಂದರೆ ‘ಇದನ್ನು ಈಗ ಓದಕೂಡದು’ ಎಂಬ ತೀರ್ಮಾನ ಸಂದೇಶ ಹುಟ್ಟುವ ಹೊತ್ತಿಗೇ ಆಗಿಬಿಟ್ಟಿರುತ್ತದೆ. ಎಂಎಸ್‌ವೈ2 ಇಲ್ಲದ ಇಲಿಗಳಲ್ಲಿ ಕೂಡಿಟ್ಟ ಸಂದೇಶಗಳು ಉಳಿಯುವುದಿಲ್ಲ, ವೀರ್ಯಾಣುವೂ ತಯಾರಾಗುವುದಿಲ್ಲ.

ಮುಚ್ಚಿಡುವ ಕೈ ಸಿಕ್ಕಿ ಹಲವು ವರ್ಷಗಳಾಗಿದ್ದರೂ ಹಗೇವಿನ ಬಾಯಿ ತೆರೆಯುವ ಕೈ ಯಾವುದೆಂಬುದು ಬಹಳ ಕಾಲ ಅಸ್ಪಷ್ಟವಾಗಿತ್ತು. 2022ರಲ್ಲಿ ಶಾಂಘೈನ ಮೋಫಾಂಗ್ ಲಿಯು ಅವರ ತಂಡ ಎಫ್‌ಎಕ್ಸ್‌ಆರ್1 ಎಂಬ ಪ್ರೋಟೀನಿನ ಕಡೆ ಬೊಟ್ಟು ಮಾಡಿತು. ಕೋಶ ಉದ್ದವಾಗುವ ಹಂತದಲ್ಲಿ ಈ ಪ್ರೋಟೀನು ಹೆಚ್ಚುತ್ತಾ ಹೋಗಿ, ಒಂದು ಮಟ್ಟ ದಾಟಿದ ಮೇಲೆ ದ್ರವದೊಳಗೆ ದ್ರವದ ಹನಿಗಳಂತೆ ಒಟ್ಟುಗೂಡುತ್ತದೆ. ಕೂಡಿಟ್ಟ ಸಂದೇಶಗಳನ್ನೂ ಪ್ರೋಟೀನು ಕಟ್ಟುವ ಸರಂಜಾಮನ್ನೂ ಆ ಹನಿಗಳು ಒಂದೆಡೆ ತರುತ್ತವೆ. ಹನಿಗಟ್ಟಲು ಬಾರದಂತೆ ಒಂದೇ ಒಂದು ಅಮೈನೋ ಆಮ್ಲ ಬದಲಿಸಿದರೂ ಇಲಿ ಬಂಜೆ. ಹಿಂದೆಲ್ಲ ಇಂಥ ಹನಿಗಳೆಂದರೆ ಸಂದೇಶಗಳನ್ನು ಸುಮ್ಮನಿರಿಸುವ ಉಗ್ರಾಣಗಳು ಎಂದೇ ತಿಳಿಯಲಾಗಿತ್ತು. ಅದೇ ಬಗೆಯ ಹನಿ ಇಲ್ಲಿ ಓದನ್ನು ಹೊರಡಿಸುತ್ತದೆ ಎಂಬುದು ಈ ಕ್ಷೇತ್ರದ ಇತ್ತೀಚಿನ ಬರಹಗಳಲ್ಲಿ ನನಗೆ ಅತ್ಯಂತ ಹಿಡಿಸಿದ ಸಂಗತಿ.

ಇಷ್ಟೆಲ್ಲ ಕೊನೆಯ ಹಂತದ ಕತೆ. ಮನುಷ್ಯನಲ್ಲಿ ವೀರ್ಯಾಣುಗಳಿಗೆ ಮೂಲವಾದ ಆಕರಕೋಶವೊಂದು ವೀರ್ಯಾಣುವಾಗಲು ಸುಮಾರು 74 ದಿನ ಬೇಕು, ಇಲಿಯಲ್ಲಿ 35. ಆ ಓಟದ ಮೊದಲರ್ಧದಲ್ಲಿ ಜೀನುಗಳು ಬಾಯಿ ಮುಚ್ಚಿರುವುದಿಲ್ಲ. ಬದಲಿಗೆ ವಿಪರೀತ ಮಾತಾಡುತ್ತಿರುತ್ತವೆ. ದೇಹದ ಬೇರೆ ಯಾವ ಅಂಗದಲ್ಲೂ ಇಲ್ಲದಷ್ಟು ಬಗೆಯ ಸಂದೇಶಗಳು ವೃಷಣದಲ್ಲಿ ಸಿಗುತ್ತವೆ, ಪ್ರೋಟೀನು ಕಟ್ಟುವ ನಮ್ಮ ಜೀನುಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಅಲ್ಲಿ ಒಂದಲ್ಲ ಒಂದು ಹೊತ್ತಿನಲ್ಲಿ ಚಾಲೂ ಇರುತ್ತವೆ. ಈ ಗದ್ದಲದಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂದು ಆರಿಸುವ ಕೆಲಸವೂ ಇದೇ ಪ್ರೋಟೀನುಗಳದು.

ಆಕರಕೋಶಗಳ ಮಟ್ಟದಲ್ಲಿ ನ್ಯಾನೋಸ್2 ಎಂಬ ಪ್ರೋಟೀನಿನ ಕಾವಲಿದೆ. ಅದಿಲ್ಲದಿದ್ದರೆ ಗಂಡಿನ ಆಕರಕೋಶಗಳೇ ಉಳಿಯುವುದಿಲ್ಲ. ವೃಷಣದ ಕಟ್ಟಡ ಸರಿಯಾಗಿರುತ್ತದೆ, ಒಳಗೆ ಬಾಡಿಗೆದಾರರಿಲ್ಲ. ಈ ಖಾಲಿ ಮನೆಯನ್ನು ಪಶುಸಂಗೋಪನೆಯವರು ಬಳಸಿಕೊಳ್ಳುತ್ತಿದ್ದಾರೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಜಾನ್ ಓಟ್ಲಿ ಮತ್ತು ಸಂಗಡಿಗರು ನ್ಯಾನೋಸ್2 ತೆಗೆದ ಇಲಿ, ಹಂದಿ, ಹೋತ, ಹೋರಿಗಳನ್ನು ತಯಾರಿಸಿ 2020ರಲ್ಲಿ ವರದಿ ಮಾಡಿದರು. ಅಂಥ ಗಂಡಿನ ವೃಷಣಕ್ಕೆ ಬೇರೆ ಉತ್ತಮ ತಳಿಯ ಆಕರಕೋಶ ಕಸಿ ಮಾಡಿದರೆ ಅದು ಇನ್ನೊಬ್ಬನ ವೀರ್ಯವನ್ನು ಉತ್ಪಾದಿಸುತ್ತದೆ. ಇಲಿಗಳಲ್ಲಿ ಹೀಗೆ ಮರಿಗಳೂ ಹುಟ್ಟಿವೆ. ನಾರ್ವೆಯವರು ಇನ್ನೊಂದು ದಾರಿ ಹಿಡಿದರು: ಡೆಡ್ ಎಂಡ್ ಎಂಬ ಜೀನು ಕಟ್ಟುವ ಆರ್‌ಎನ್‌ಎ ಕಾವಲುಗಾರನನ್ನು ಸಾಲ್ಮನ್ ಮೀನಿನಲ್ಲಿ ಅಳಿಸಿಹಾಕಿ, ಲಿಂಗಕೋಶಗಳೇ ಇಲ್ಲದ ಮೀನು ಬೆಳೆಸಿದರು. ಸಾಕಿದ ಮೀನು ತಪ್ಪಿಸಿಕೊಂಡು ಸಮುದ್ರ ಸೇರಿದರೂ ಕಾಡು ಮೀನಿನ ತಳಿ ಕೆಡಿಸದಿರಲಿ ಎಂಬ ಉದ್ದೇಶ. ಅದೇ ಡೆಡ್ ಎಂಡ್ ಜೀನು ಒಂದು ತಳಿಯ ಇಲಿಯಲ್ಲಿ ಕೆಟ್ಟರೆ ಲಿಂಗಕೋಶಗಳು ಸಾಯುವುದರ ಜತೆಗೆ ವೃಷಣದಲ್ಲಿ ಗೆಡ್ಡೆಗಳೂ ಏಳುತ್ತವೆ.

ಆಕರಕೋಶ ತನ್ನ ಪ್ರತಿ ಮಾಡಿಕೊಳ್ಳುವುದನ್ನು ಬಿಟ್ಟು ವರ್ಣತಂತುಗಳನ್ನು ಅರ್ಧಕ್ಕಿಳಿಸುವ ಮಿಯಾಸಿಸ್ ಕಡೆ ಹೊರಳುವ ತಿರುವು ಇದೆಯಲ್ಲ, ಅದರ ಒಂದು ಮುಖ್ಯ ಅಧ್ಯಾಯ ಬರೆದದ್ದು ಬೆಂಗಳೂರಿನಲ್ಲಿ. ಮೈಸೂರಿನಲ್ಲಿ ಹುಟ್ಟಿದ ಜೀವರಸಾಯನ ವಿಜ್ಞಾನಿ ಎಂ.ಆರ್.ಎಸ್. ರಾವ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗಲೇ ವೀರ್ಯಕೋಶದ ಹಿಸ್ಟೋನುಗಳ ಬದಲಾವಣೆಯನ್ನು, ಹಿಸ್ಟೋನ್ ಹೋಗಿ ಪ್ರೋಟಮಿನ್ ಬರುವ ನಡುವಿನ ಅವಧಿಯಲ್ಲಿ ಕೆಲಸ ಮಾಡುವ ಸಾಗುಪ್ರೋಟೀನುಗಳನ್ನು ದಶಕಗಟ್ಟಲೆ ಬೆನ್ನಟ್ಟಿದವರು. ಮುಂದೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರಾದರು, 2023ರಲ್ಲಿ ತೀರಿಕೊಂಡರು. ಅವರ ಪ್ರಯೋಗಾಲಯಕ್ಕೆ ಇಲಿಯ ಎಂಟನೇ ವರ್ಣತಂತುವಿನಲ್ಲಿ, ಬೇರೊಂದು ಜೀನಿನ ನಡುವೆ ಹುದುಗಿದ್ದ ತುಣುಕಿನಿಂದ ಹುಟ್ಟುವ ವಿಚಿತ್ರ ಆರ್‌ಎನ್‌ಎ ಒಂದು ಸಿಕ್ಕಿತು. ಉದ್ದ ಸುಮಾರು 2400 ಅಕ್ಷರ. ಇದರಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಇದಕ್ಕೆ ‘ಎಂಆರ್‌ಎಚ್‌ಎಲ್’ ಎಂದು ಹೆಸರು.

ಪ್ರೋಟೀನೇ ಆಗದ ಆರ್‌ಎನ್‌ಎ ಮಾಡುವುದಾದರೂ ಏನು? ರಾವ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಉತ್ತರ ಇದು. ಎಂಆರ್‌ಎಚ್‌ಎಲ್ ಆರ್‌ಎನ್‌ಎ ಪಿ68 ಎಂಬ ಆರ್‌ಎನ್‌ಎ-ಬಿಚ್ಚುವ ಪ್ರೋಟೀನಿನೊಂದಿಗೆ ಜೋಡಿಯಾಗಿ ಕೋಶಕೇಂದ್ರದಲ್ಲಿ ಕೂತು, ವಿಂಟ್ ಎಂಬ ಸಂಜ್ಞೆಯ ಸರಪಳಿಯನ್ನು ಅದುಮಿಡುತ್ತದೆ. ಈ ಆರ್‌ಎನ್‌ಎ ಕಡಿಮೆಯಾದೊಡನೆ ಪಿ68 ಕೇಂದ್ರ ಬಿಟ್ಟು ಹೊರಗೆ ನಡೆಯುತ್ತದೆ, ಬೀಟಾ ಕೆಟೆನಿನ್ ಎಂಬ ಸಂಜ್ಞಾವಾಹಕ ಒಳಗೆ ಬರುತ್ತದೆ, ವಿಂಟ್ ಜಾಗೃತವಾಗುತ್ತದೆ. ಕೋಶ ಮಿಯಾಸಿಸ್ ಕಡೆ ಮುಖ ಮಾಡುತ್ತದೆ. ಪ್ರೋಟೀನು ಆರ್‌ಎನ್‌ಎಯನ್ನು ಆಳುತ್ತದೆ ಎಂಬ ಸಾಮಾನ್ಯ ಚಿತ್ರ ಇಲ್ಲಿ ಬುಡಮೇಲು. ಪ್ರೋಟೀನು ಎಲ್ಲಿರಬೇಕೆಂದು ಆರ್‌ಎನ್‌ಎಯೇ ಹೇಳುತ್ತಿದೆ. ಈ ವಿಷಯದ ಮೇಲೆ ಬರುವ ಸಮೀಕ್ಷೆಗಳು ಆರ್‌ಎನ್‌ಎಗೆ ಅಂಟುವ ಪ್ರೋಟೀನನ್ನು ಸದಾ ಯಜಮಾನನ ಸ್ಥಾನದಲ್ಲೇ ಕೂರಿಸುತ್ತವೆ. ಜಕ್ಕೂರಿನ ಕೆಲಸವನ್ನು ಓದಿದವರು ಅಷ್ಟು ಧಾರಾಳವಾಗಿ ಹಾಗೆ ಬರೆಯಲಾರರು.

ಮಿಯಾಸಿಸ್ ಶುರುವಾದ ಮೇಲೂ ಕಾಯುವವರು ಬೇಕು. ನ್ಯೂಯಾರ್ಕಿನ ಸ್ಕಾಟ್ ಕೀನಿ ಪ್ರಯೋಗಾಲಯದಲ್ಲಿ ದೇವಾಂಶಿ ಜೈನ್ ಮತ್ತು ಜತೆಗಾರರು ಬಂಜೆ ಇಲಿಗಳ ಎರಡು ಬಗೆಗಳನ್ನು ಪತ್ತೆ ಹಚ್ಚಿ ಒಂದಕ್ಕೆ ರಾಹು, ಇನ್ನೊಂದಕ್ಕೆ ಕೇತು ಎಂದು ಹೆಸರಿಟ್ಟರು. 2018ರ ಕೇತು ಇಲಿಯಲ್ಲಿ ಕೆಟ್ಟಿದ್ದದ್ದು ವೈಟಿಎಚ್‌ಡಿಸಿ2 ಎಂಬ, ಆರ್‌ಎನ್‌ಎಗೆ ಅಂಟುವ ಪ್ರೋಟೀನು. ಈ ಇಲಿಯ ಕೋಶಗಳು ಮಿಯಾಸಿಸ್‌ಗೆ ಕೈಹಾಕುತ್ತವೆ. ಆದರೆ ಅಲ್ಲಿ ನಿಲ್ಲಲಾರದೆ, ಹಳೆಯ ಮಾಮೂಲಿ ವಿಭಜನೆಯ ಭಂಗಿಗೆ ಹಾರಿ ಸಾಯುತ್ತವೆ. ಗ್ರಹಚಾರ ಕೆಟ್ಟ ಇಲಿ ಎನ್ನಲು ಇದಕ್ಕಿಂತ ಒಳ್ಳೆಯ ಹೆಸರು ಬೇಕೆ?

ಇನ್ನೊಂದು ಕಾವಲು ಪಡೆಯ ಕೆಲಸವೇ ಬೇರೆ. ನಮ್ಮ ಡಿಎನ್‌ಎಯಲ್ಲಿ ಜಾಗದಿಂದ ಜಾಗಕ್ಕೆ ನೆಗೆಯುವ ತುಣುಕುಗಳು ತುಂಬಿಕೊಂಡಿವೆ. ಲಿಂಗಕೋಶದಲ್ಲಿ ಅವು ನೆಗೆದರೆ ಹಾನಿ ಮುಂದಿನ ಪೀಳಿಗೆಗೂ ಹೋಗುತ್ತದೆ. ಇವನ್ನು ಅಡಗಿಸುವುದು ಪಿವಿ ವಂಶದ ಪ್ರೋಟೀನುಗಳು. ಅವು ತಮ್ಮೊಡನೆ ಮೂವತ್ತು ಅಕ್ಷರದ ಆಸುಪಾಸಿನ ಪುಟ್ಟ ಆರ್‌ಎನ್‌ಎಗಳನ್ನು ಹಿಡಿದುಕೊಂಡು, ಅವುಗಳಿಗೆ ಹೊಂದುವ ನೆಗೆತದ ಸಂದೇಶ ಕಂಡಲ್ಲಿ ಕತ್ತರಿಸುತ್ತವೆ. ಈ ಪುಟ್ಟ ಆರ್‌ಎನ್‌ಎಗಳನ್ನು 2006ರಲ್ಲಿ ನಾಲ್ಕು ತಂಡಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಪ್ರಕಟಿಸಿದವು. ಇವು ಗುಂಪುಗೂಡುವ ಜಾಗವನ್ನು ಮಾತ್ರ ಜರ್ಮನ್ ಸೂಕ್ಷ್ಮದರ್ಶಕಗಳು 1876ರಷ್ಟು ಹಿಂದೆಯೇ ಕಂಡಿದ್ದವು: ಕೋಶಕೇಂದ್ರದ ಪಕ್ಕ ಅಂಟಿಕೊಂಡ ಒಂದು ಕಪ್ಪು ಚುಕ್ಕೆ, ಕ್ರೊಮಾಟಾಯ್ಡ್ ಕಾಯ. ಅದರ ಕೆಲಸ ತಿಳಿಯಲು ನೂರಿಪ್ಪತ್ತು ವರ್ಷಗಳಿಗೂ ಮೇಲೆ ಹಿಡಿಯಿತು.

ಬಿಸಿಯ ವಿಷಯ ಇಲ್ಲಿ ಹೇಳಿಬಿಡಬೇಕು. ವೃಷಣ ದೇಹದ ಹೊರಗೆ ತೂಗಿಕೊಂಡಿರುವುದು ಎರಡರಿಂದ ನಾಲ್ಕು ಡಿಗ್ರಿ ತಂಪಿಗಾಗಿ ಎಂದು ಶಾಲೆಯಲ್ಲಿ ಓದುತ್ತೇವೆ. ತಂಪಾದರೆ ಏನು ಲಾಭ ಎಂಬುದನ್ನು ಹೇಳುವವರು ಕಡಿಮೆ. ಕ್ಯೋಟೋದ ಜಪಾನೀ ವಿಜ್ಞಾನಿಗಳು 1997ರಲ್ಲಿ ತಂಪು ತಾಕಿದಾಗ ಹೆಚ್ಚುವ, ಆರ್‌ಎನ್‌ಎಗೆ ಅಂಟುವ ಪ್ರೋಟೀನೊಂದನ್ನು ಕಂಡುಹಿಡಿದರು. ಸಿರ್ಪ್ ಎಂದು ಅದರ ಹೆಸರು. ಮರುವರ್ಷವೇ ಅವರು ಇಲಿಯ ಲಿಂಗಕೋಶಗಳಲ್ಲಿ 32 ಡಿಗ್ರಿಯಲ್ಲಿ ಸಮೃದ್ಧವಾಗಿರುವ ಸಿರ್ಪ್ 37 ಡಿಗ್ರಿಯಲ್ಲಿ ಕುಗ್ಗುವುದನ್ನು ತೋರಿಸಿದರು. ವೃಷಣದ ರಕ್ತನಾಳ ಉಬ್ಬಿ ಬಿಸಿಯೇರುವ ವೆರಿಕೊಸೀಲ್ ಇರುವ ಗಂಡಸರಲ್ಲೂ ಈ ಪ್ರೋಟೀನು ಕಡಿಮೆ. ಬಿಸಿ ವೀರ್ಯಾಣುವನ್ನು ಕೆಡಿಸುವುದಕ್ಕೆ ಇದೊಂದೇ ಕಾರಣವೆಂದಲ್ಲ, ಆದರೆ ತಾಪಮಾನವನ್ನು ಸಂದೇಶದ ಓದಿಗೆ ಜೋಡಿಸುವ ಕೊಂಡಿಯೊಂದು ಇಲ್ಲಿ ಕಾಣುತ್ತದೆ.

ಇಲಿ, ಮೀನುಗಳ ಮಾತಾಯಿತು. ಮನುಷ್ಯರ ವಿಷಯಕ್ಕೆ ಬಂದರೆ ಕತೆ ಶುರುವಾಗುವುದು ಇಟಲಿಯ ಪಾವಿಯಾದಲ್ಲಿ. 1976ರಲ್ಲಿ ಟಿಯೆಪೊಲೊ ಮತ್ತು ಜುಫಾರ್ಡಿ ಎಂಬ ಸಂಶೋಧಕರು 1170 ಗಂಡಸರ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ಆರು ಜನರ ವೈ ವರ್ಣತಂತುವಿನ ಉದ್ದ ತೋಳು ತುಂಡಾಗಿರುವುದನ್ನು ಕಂಡರು. ಆ ಆರೂ ಜನರ ವೀರ್ಯದಲ್ಲಿ ವೀರ್ಯಾಣುವೇ ಇರಲಿಲ್ಲ. ಹಾಗಾದರೆ ಕಾಣೆಯಾದ ತುಂಡಿನಲ್ಲಿ ವೀರ್ಯಾಣುವಿಗೆ ಬೇಕಾದ ಏನೋ ಇದೆ. ಅದು ಯಾವುದು? ಎಡಿನ್‌ಬರಾದ ತಂಡ 1993ರಲ್ಲಿ ಒಂದು ಜೀನನ್ನು ಮುಂದಿಟ್ಟಿತು, ಇಂದಿನ ಹೆಸರು ಆರ್‌ಬಿಎಂವೈ. 1995ರಲ್ಲಿ ಅಮೆರಿಕದ ಡೇವಿಡ್ ಪೇಜ್ ಅವರ ತಂಡ ವೀರ್ಯಾಣುವಿಲ್ಲದ 89 ಗಂಡಸರಲ್ಲಿ 12 ಜನರ ವೈ ವರ್ಣತಂತುವಿನಲ್ಲಿ ಒಂದೇ ಪ್ರದೇಶ ಬಿಟ್ಟುಹೋಗಿರುವುದನ್ನು ಗುರುತಿಸಿ, ಅಲ್ಲಿಂದ ಇನ್ನೊಂದು ಜೀನನ್ನು ಹೊರತೆಗೆಯಿತು: ಡಾಜ್. ಎರಡೂ ಜೀನುಗಳು ಕಟ್ಟುವುದು ಆರ್‌ಎನ್‌ಎಗೆ ಅಂಟುವ ಪ್ರೋಟೀನುಗಳನ್ನೇ.

ಡಾಜ್‌ನ ವಂಶಾವಳಿ ಸ್ವಾರಸ್ಯಕರ. ಅದರ ಮೂಲ ಮನೆ ವೈ ಅಲ್ಲ. ಮೂರನೇ ವರ್ಣತಂತುವಿನಲ್ಲಿರುವ ಡಾಜ್-ಎಲ್ ಎಂಬ ಜೀನಿನ ಒಂದು ಪ್ರತಿ ವಾನರ ವಂಶದಲ್ಲಿ ವೈಗೆ ಬಂದು ಸೇರಿ, ಅಲ್ಲಿ ನಾಲ್ಕಾಯಿತು. ದಕ್ಷಿಣ ಅಮೆರಿಕದ ಕೋತಿಗಳ ವೈನಲ್ಲಿ ಅದಿಲ್ಲ; ನಮ್ಮಲ್ಲೂ ಚಿಂಪಾಂಜಿಗಳಲ್ಲೂ ಇದೆ. ಡಾಜ್-ಎಲ್‌ಗಿಂತಲೂ ಹಳೆಯದು ಅದೇ ವಂಶದ ಬೂಲ್. ಹಣ್ಣಿನ ನೊಣದಲ್ಲಿ ಬೂಲ್ ಕೆಟ್ಟರೆ ಮಿಯಾಸಿಸ್ ನಿಲ್ಲುತ್ತದೆ. ಮನುಷ್ಯನ ಬೂಲ್ ಜೀನನ್ನು ಆ ನೊಣಕ್ಕೆ ಹಾಕಿದರೆ ನಿಂತ ವಿಭಜನೆ ಮತ್ತೆ ಮುಂದುವರಿಯುತ್ತದೆ ಎಂದು 2003ರಲ್ಲಿ ತೋರಿಸಲಾಯಿತು. ಕೋಟಿಗಟ್ಟಲೆ ವರ್ಷಗಳ ಹಿಂದೆ ಬೇರೆಯಾದ ಎರಡು ಪ್ರಾಣಿಗಳ ನಡುವೆ ಒಬ್ಬರ ಕಾವಲುಗಾರ ಇನ್ನೊಬ್ಬರಲ್ಲಿ ನೌಕರಿ ಮಾಡಬಲ್ಲ.

ಆದರೆ ಡಾಜ್ ವಿಷಯದಲ್ಲಿ ನಾನು ಪಠ್ಯಪುಸ್ತಕಗಳಷ್ಟು ನಿಶ್ಚಿಂತನಲ್ಲ. 1996ರಲ್ಲೇ ಪೇಜ್ ತಂಡ, ಅದೇ ಭಾಗ ಕಳೆದುಕೊಂಡಿದ್ದರೂ ವೀರ್ಯದಲ್ಲಿ ಒಂದಿಷ್ಟು ವೀರ್ಯಾಣು ಇರುವ ಗಂಡಸರನ್ನು ಕಂಡಿತು. ಅಂದರೆ ಡಾಜ್ ಪೂರ್ತಿ ಇಲ್ಲದೆಯೂ ವೀರ್ಯಾಣು ಆಗುತ್ತದೆ, ಸಾಲದಷ್ಟು ಆಗುತ್ತದೆ, ಅಷ್ಟೆ. ಜತೆಗೆ ಎಜೆಡ್ಎಫ್‌ಸಿ ಎಂದು ಕರೆಯುವ ಆ ಭಾಗ ಕಳಚುವಾಗ ಸುಮಾರು 35 ಲಕ್ಷ ಅಕ್ಷರ ಒಟ್ಟಿಗೇ ಹೋಗುತ್ತವೆ. ಡಾಜ್ ಒಂದೇ ಅಲ್ಲ, ನೆರೆಯ ಜೀನುಗಳೂ ಹೋಗುತ್ತವೆ. ಹಾಗೆ ಕಳಚಲು ಕಾರಣ ವೈ ವರ್ಣತಂತುವಿನ ರಚನೆಯೇ. ಅಲ್ಲಿ ಒಂದೇ ಬಗೆಯ ಉದ್ದನೆಯ ಸಾಲುಗಳು ಮತ್ತೆ ಮತ್ತೆ ಬರುತ್ತವೆ, ಒಂದು ಸಾಲು ತಪ್ಪಿ ಇನ್ನೊಂದರೊಡನೆ ಜೋಡಿಯಾದರೆ ನಡುವಿನದು ಜಾರಿಹೋಗುತ್ತದೆ. ಅಪರಾಧ ನಡೆದ ಜಾಗ ಗೊತ್ತಿದೆ, ಕಾಣೆಯಾದವರಲ್ಲಿ ಡಾಜ್ ಇದ್ದಾನೆ. ಅದರಿಂದಾಚೆಗೆ ತೀರ್ಪು ಕೊಡಲು ಆಧಾರ ಸಾಲದು.

ಇಲಿಯಲ್ಲಿ ಖಚಿತವಾದದ್ದು ಮನುಷ್ಯನಲ್ಲಿ ಕೈಜಾರುವುದಕ್ಕೆ ಇನ್ನೊಂದು ನಿದರ್ಶನ ಪಿವಿ ವಂಶದಲ್ಲೇ ಇದೆ. ಮನುಷ್ಯರ ಪಿವಿ ಜೀನೊಂದರಲ್ಲಿ ಆಗುವ ಸಣ್ಣ ದೋಷಗಳು ಪ್ರೋಟಮಿನ್ ತುಂಬುವ ಕೆಲಸವನ್ನು ತಡೆದು ಬಂಜೆತನ ತರುತ್ತವೆ ಎಂದು ಶಾಂಘೈ ತಂಡ 2017ರಲ್ಲಿ ಬರೆಯಿತು. ನಾಲ್ಕು ವರ್ಷಗಳ ನಂತರ ಬೇರೆ ತಂಡದವರು ತಮ್ಮ ರೋಗಿಗಳಲ್ಲಿ ಹುಡುಕಿ, ಅದಕ್ಕೆ ಪುರಾವೆ ಸಿಗಲಿಲ್ಲವೆಂದು ಅದೇ ಪತ್ರಿಕೆಯಲ್ಲಿ ಪ್ರತಿ ಬರೆದರು. ಪಿವಿ ಹಿಡಿದುಕೊಳ್ಳುವ ಆ ಪುಟ್ಟ ಆರ್‌ಎನ್‌ಎಗಳನ್ನು ತಯಾರಿಸುವ ಇತರ ಜೀನುಗಳ ಎರಡೂ ಪ್ರತಿ ಕೆಟ್ಟ ಗಂಡಸರಲ್ಲಿ ಬಂಜೆತನವಿರುವುದು ಮಾತ್ರ 2024ರ ವೇಳೆಗೆ ಗಟ್ಟಿಯಾಗಿ ಕಾಣತೊಡಗಿದೆ. ತಂದೆಯಿಂದೊಂದು, ತಾಯಿಯಿಂದೊಂದು ಕೆಟ್ಟ ಪ್ರತಿ ಬಂದಾಗ ಮಾತ್ರ ತಲೆಯೆತ್ತುವ ಇಂಥ ದೋಷಗಳು ರಕ್ತಸಂಬಂಧದಲ್ಲಿ ಮದುವೆಯಾಗುವ ಕುಟುಂಬಗಳಲ್ಲಿ ಹೆಚ್ಚು. ಸೋದರಮಾವ, ಅಕ್ಕನ ಮಗಳ ಸಂಬಂಧ ಇನ್ನೂ ಬಿಡದ ನಮ್ಮ ಕಡೆ ಈ ಜೀನುಗಳ ಹುಡುಕಾಟ ವಿಸ್ತಾರವಾಗಿ ನಡೆಯಬೇಕಿತ್ತು.

ಈ ಜೀನುಗಳ ಮಟ್ಟಿಗೆ ಆಸ್ಪತ್ರೆಗಳಲ್ಲಿ ಸದ್ಯ ನಡೆಯುವುದು ಬಹುಮಟ್ಟಿಗೆ ವೈ ಪರೀಕ್ಷೆ ಒಂದೇ. ಮಕ್ಕಳಾಗದ ಮನೆಯಲ್ಲಿ ಹೆಂಗಸು ನಾಗಪ್ರತಿಷ್ಠೆ, ಹರಕೆ, ಸ್ಕ್ಯಾನು ಎಲ್ಲ ಮುಗಿಸಿದ ಮೇಲೆ ಗಂಡಸು ಒಲ್ಲದ ಮನಸ್ಸಿನಿಂದ ವೀರ್ಯ ಪರೀಕ್ಷೆಗೆ ಹೋಗುವುದು ಇಂದಿಗೂ ತಪ್ಪಿಲ್ಲ. ಮಕ್ಕಳಾಗದ ದಂಪತಿಗಳ ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಪಾಲೂ ಇರುತ್ತದೆ ಎಂದು ಗೊತ್ತಿದ್ದೂ. ವೀರ್ಯಾಣು ಒಂದೂ ಇಲ್ಲವೆಂದು ವರದಿ ಬಂದರೆ ವೈದ್ಯರು ರಕ್ತದಿಂದ ವೈ ವರ್ಣತಂತುವಿನ ಮೂರು ಭಾಗಗಳನ್ನು ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆಯ ಮೂಲಕ ನೋಡುತ್ತಾರೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ಕೆ. ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಸಂಗಡಿಗರು ವೀರ್ಯಾಣುವಿಲ್ಲದ 340 ಭಾರತೀಯ ಗಂಡಸರನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 29 ಜನರಿಗೆ, ಅಂದರೆ ನೂರಕ್ಕೆ 8.5ರಷ್ಟು ಜನರಿಗೆ, ವೈನ ಒಂದಲ್ಲ ಒಂದು ಭಾಗ ಬಿಟ್ಟುಹೋಗಿತ್ತು.

ಬಿಟ್ಟುಹೋದ ಭಾಗ ಯಾವುದು ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. ಎಜೆಡ್ಎಫ್‌ಎ ಎಂಬ ಭಾಗ ಪೂರ್ತಿ ಹೋಗಿದ್ದರೆ ವೃಷಣ ಕುಯ್ದು ಹುಡುಕುವುದೂ ವ್ಯರ್ಥ ಎಂದೇ ಹೇಳಿ ಕಳುಹಿಸುತ್ತಾರೆ. ಅಲ್ಲಿರುವ ಡಿಡಿಎಕ್ಸ್3ವೈ ಎಂಬುದೂ ಆರ್‌ಎನ್‌ಎ ಬಿಚ್ಚುವ ಪ್ರೋಟೀನಿನ ಜೀನು. ಡಾಜ್ ಇರುವ ಎಜೆಡ್ಎಫ್‌ಸಿ ಮಾತ್ರ ಹೋಗಿದ್ದರೆ ಹೆಚ್ಚುಕಡಿಮೆ ಅರ್ಧದಷ್ಟು ಜನರ ವೃಷಣದಲ್ಲಿ ಸೂಕ್ಷ್ಮ ಶಸ್ತ್ರಕ್ರಿಯೆಯಿಂದ ಕೆಲವು ವೀರ್ಯಾಣು ಸಿಗುತ್ತವೆ. ಒಂದೇ ಒಂದನ್ನು ಸೂಜಿಯಿಂದ ಅಂಡಕ್ಕೆ ಚುಚ್ಚುವ ಇಕ್ಸಿ ವಿಧಾನ 1992ರಲ್ಲಿ ಬ್ರಸೆಲ್ಸ್‌ನಿಂದ ಬಂದದ್ದು. ಅದರಿಂದ ಈ ಗಂಡಸರೂ ತಂದೆಯಾಗುತ್ತಿದ್ದಾರೆ. ಹುಟ್ಟಿದ್ದು ಹೆಣ್ಣುಮಗುವಾದರೆ ಈ ದೋಷದ ಮಾತೇ ಇಲ್ಲ, ಅವಳಿಗೆ ತಂದೆಯ ವೈ ಬರುವುದಿಲ್ಲ. ಗಂಡುಮಗುವಾದರೆ ಅದೇ ಮುಕ್ಕಾದ ವೈ ಅವನಿಗೂ ಬರುತ್ತದೆ, ಬೆಳೆದ ಮೇಲೆ ಅವನೂ ಇದೇ ಬಾಗಿಲು ತಟ್ಟುವ ಸಂಭವವೇ ಹೆಚ್ಚು. ಇದನ್ನು ಸೂಜಿ ಹಿಡಿಯುವ ಮುಂಚೆ ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು, ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು.